ಮಿರಗದ ಹೊತ್ತಿಗೇ ಫೀಸು: ಮನೆ-ಮಕ್ಕಳ ನಡುವೆ ಓದುವವರ ರೊಕ್ಕದ ಲೆಕ್ಕ

ಜೂನ್ ಮೊದಲ ವಾರ ಕಳೆಯುತ್ತಿದ್ದಂತೆ ಮಿರಗ, ಅಂದರೆ ಮೃಗಶಿರ ಮಳೆ, ಕೂಡುತ್ತದೆ. ಔರಾದ್, ಭಾಲ್ಕಿ ಕಡೆಯ ರೈತ ಸಂಪರ್ಕ ಕೇಂದ್ರಗಳ ಮುಂದೆ ಸೋಯಾ ಬೀಜಕ್ಕೆ ಪಾಳಿ ಹಚ್ಚುತ್ತಾರೆ. ಬೀಜ, ಗೊಬ್ಬರ, ಬಾಡಿಗೆ ಟ್ರ್ಯಾಕ್ಟರು, ಬಿತ್ತುವ ಆಳು, ಹೀಗೆ ಕೈಯಲ್ಲಿದ್ದ ರೊಕ್ಕವೆಲ್ಲ ಹತ್ತೇ ದಿನದಲ್ಲಿ ಮಣ್ಣು ಸೇರುತ್ತದೆ. ಮಕ್ಕಳ ಶಾಲೆ ತೆರೆದು ನೋಟ್‌ಬುಕ್ಕು, ಚೀಲ, ಚಪ್ಪಲಿಯ ಪಟ್ಟಿ ಬರುವುದೂ ಆಗಲೇ. ಆ ಮನೆಯಲ್ಲಿ ಮೂವತ್ತು ದಾಟಿದ ಒಬ್ಬರು ಬಿ.ಇಡಿ.ಗೋ ಎಂ.ಎ.ಗೋ ಸೇರಲು ಮನಸ್ಸು ಮಾಡಿದ್ದರೆ, ಅವರ ಅರ್ಜಿ ಶುಲ್ಕ, ಪ್ರವೇಶ ಶುಲ್ಕದ ಗಡುವುಗಳೂ ಮುಂದಿನ ಎರಡು-ಮೂರು ತಿಂಗಳಲ್ಲೇ ಒಂದರ ಹಿಂದೆ ಒಂದು ಬೀಳುತ್ತವೆ. ಹೊಲದಿಂದ ಹೆಚ್ಚೇನೂ ಬಾರದ ತಿಂಗಳುಗಳು ಅವು.

ದೊಡ್ಡವರಾದ ಮೇಲೆ ಓದಲು ಹೊರಟವರು ಮಧ್ಯದಲ್ಲಿ ಬಿಡುವುದಕ್ಕೆ ಬಡತನ ಒಂದೇ ಕಾರಣವಲ್ಲ. ವರ್ಷದ ಒಟ್ಟು ಲೆಕ್ಕ ತೆಗೆದರೆ ಫೀಸಿಗೆ ಬೇಕಾದಷ್ಟು ಆ ಮನೆಗೆ ಬಂದೇ ಇರುತ್ತದೆ. ಬೇಕಾದ ತಿಂಗಳಲ್ಲಿ ಅದು ಕೈಯಲ್ಲಿರುವುದಿಲ್ಲ, ಅಷ್ಟೇ. ಹಾಗಾಗಿ ತಿಂಗಳ ಬಜೆಟ್ ಹಾಕಿ ಎಂದು ಪಟ್ಟಣದ ಪಗಾರದಾರರಿಗೆ ಹೇಳುವ ಬುದ್ಧಿವಾದ ಬೀದರ್ ಜಿಲ್ಲೆಯ ಮನೆಗೆ ಅರ್ಧವೇ ಹೊಂದುತ್ತದೆ. ಇಲ್ಲಿ ಲೆಕ್ಕ ಹಿಡಿಯಬೇಕಾದದ್ದು ಹಂಗಾಮಿನ ಮೇಲೆ.

ಯಾರು ಈ ವಿದ್ಯಾರ್ಥಿಗಳು? ಪಿಯುಸಿ ಮುಗಿಯುವ ಮುನ್ನವೇ ಮದುವೆಯಾಗಿ, ಮಕ್ಕಳು ಶಾಲೆ ಸೇರಿದ ಮೇಲೆ ಪದವಿಗೆ ಹೆಸರು ಹಚ್ಚಿದ ಹೆಣ್ಣುಮಕ್ಕಳು. ಖಾಸಗಿ ಶಾಲೆಯಲ್ಲಿ ಕಲಿಸುತ್ತಲೇ ಬಿ.ಇಡಿ. ಇಲ್ಲದ ಕಾರಣಕ್ಕೆ ಪಗಾರ ಏರದವರು. ಪಿಎಚ್‌.ಡಿ. ಮುಗಿಸಲು ಹೆಣಗುವ ಅತಿಥಿ ಉಪನ್ಯಾಸಕರು. ಪದವಿ ಪಡೆಯಬೇಕೆಂದಿರುವ ಪೊಲೀಸರು. 2023ರಲ್ಲಿ ಬೀದರ್ ವಿಶ್ವವಿದ್ಯಾಲಯ ಶುರುವಾಗಿ, ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯೇ ಅದರ ನೆಲೆಯಾದ ಮೇಲೆ ಎಂ.ಎ., ಎಂ.ಕಾಂ. ಎಂದರೆ ಕಲಬುರಗಿಯಲ್ಲಿ ಕೋಣೆ ಹಿಡಿಯಬೇಕು ಎಂಬ ಮಾತು ಕಡಿಮೆಯಾಗಿದೆ. ಮನೆ ಬಿಡದೆ ಓದಬಹುದು ಎನ್ನುವುದೇ ಸಂಸಾರಸ್ಥರಿಗೆ ಎಷ್ಟೋ ದೊಡ್ಡ ವಿದ್ಯಾರ್ಥಿವೇತನ.

ಫೀಸಿಗಿಂತ ದೊಡ್ಡ ಖರ್ಚು

ಕೋರ್ಸಿನ ಖರ್ಚು ಎಷ್ಟು ಎಂದು ಕೇಳಿದರೆ ಎಲ್ಲರೂ ಫೀಸಿನ ಅಂಕಿ ಹೇಳುತ್ತಾರೆ. ನಿಜವಾದ ಖರ್ಚು ಬೇರೆ ಕಡೆ ಇರುತ್ತದೆ. ಭಾಲ್ಕಿ ತಾಲ್ಲೂಕಿನ ಒಂದು ಮನೆ ಎಂದು ಊಹಿಸಿಕೊಳ್ಳಿ. ಮೂರು ಎಕರೆ ಒಣಬೇಸಾಯ, ಗಂಡನಿಗೆ ಬೀದರಿನ ಅಂಗಡಿಯೊಂದರಲ್ಲಿ 12,000 ಪಗಾರ, ಹೆಂಡತಿ ಊರ ಖಾಸಗಿ ಶಾಲೆಯಲ್ಲಿ ಕಲಿಸಿ 7,000 ತರುತ್ತಾರೆ, ಇಬ್ಬರು ಮಕ್ಕಳು. ಆಕೆ ಕೆಲಸ ಬಿಟ್ಟು ಬಿ.ಇಡಿ. ಸೇರುತ್ತಾರೆ. ಫೀಸು ವರ್ಷಕ್ಕೆ 40,000 ಎಂದಿಟ್ಟುಕೊಂಡರೆ ಎರಡು ವರ್ಷಕ್ಕೆ 80,000. ಆದರೆ ನಿಂತುಹೋದ ಪಗಾರ? ತಿಂಗಳಿಗೆ 7,000ದಂತೆ 24 ತಿಂಗಳಿಗೆ 1,68,000. ಅಂದರೆ ಬಾರದೆ ಹೋದ ರೊಕ್ಕ ಕೊಟ್ಟ ರೊಕ್ಕದ ಇಮ್ಮಡಿಗಿಂತ ಹೆಚ್ಚು. ಇದನ್ನು ಯಾರೂ ಬರೆದಿಡುವುದಿಲ್ಲ. ಏಳನೇ ತಿಂಗಳಲ್ಲಿ ಕಿರಾಣಿ ಅಂಗಡಿಯ ಉದ್ರಿ ವಹಿ ದಪ್ಪವಾದಾಗ, ಫೀಸು ಕಟ್ಟಿಯಾಗಿದೆಯಲ್ಲ, ಮತ್ತೆ ರೊಕ್ಕ ಎಲ್ಲಿ ಹೋಯಿತು ಎಂದು ಮನೆಯವರು ಕೇಳುತ್ತಾರೆ.

ಬಿ.ಇಡಿ.ಗೆ ಹಾಜರಾತಿ ಗಟ್ಟಿ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮದಂತೆ ತರಗತಿಗೆ ಶೇ. 80, ಶಾಲಾ ಇಂಟರ್ನ್‌ಶಿಪ್ಪಿಗೆ ಶೇ. 90 ಹಾಜರಿ ಬೇಕು. ಇಂಟರ್ನ್‌ಶಿಪ್ ಒಟ್ಟು 20 ವಾರ. ಆ ಐದು ತಿಂಗಳಲ್ಲಿ ಬೇರೆ ಗಳಿಕೆಯ ಮಾತೇ ಇಲ್ಲ. 'ಕಾಲೇಜಿಗೆ ಬರೋದೇ ಬ್ಯಾಡ, ಹಾಜರಿ ನಾವ್ ನೋಡ್ಕೋತೀವಿ, ಮ್ಯಾಲೆ ಇಷ್ಟು ಕೊಡ್ರಿ' ಎನ್ನುವ ಏಜೆಂಟ್ ಸಿಕ್ಕರೆ ಅವನಿಂದ ದೂರವಿರಿ. ಸುಳ್ಳು ಹಾಜರಿಯ ಪದವಿ ಮುಂದೊಂದು ದಿನ ನೇಮಕಾತಿಯ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಕೊಟ್ಟ ರೊಕ್ಕವೂ ಹೋಯಿತು, ವಯಸ್ಸೂ ಹೋಯಿತು.

ಎಂ.ಎ., ಎಂ.ಕಾಂ.ನಂಥವಕ್ಕೆ ದೂರಶಿಕ್ಷಣದ ದಾರಿಯಿದೆ. ಪಗಾರ ನಿಲ್ಲುವುದಿಲ್ಲ ಎಂಬ ಒಂದೇ ಕಾರಣಕ್ಕೆ ಸಂಸಾರಸ್ಥರು ಇದನ್ನು ಮೊದಲು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಸೇರುವ ಮುನ್ನ ಯುಜಿಸಿಯ ದೂರಶಿಕ್ಷಣ ಬ್ಯೂರೊದ ಜಾಲತಾಣದಲ್ಲಿ ಆ ವಿಶ್ವವಿದ್ಯಾಲಯಕ್ಕೆ, ಆ ಕೋರ್ಸಿಗೆ, ಆ ವರ್ಷಕ್ಕೆ ಮಾನ್ಯತೆ ಇದೆಯೇ ಎಂದು ಮೂರನ್ನೂ ನೋಡಿ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕತೆ ನೆನಪಿರಲಿ. 2015ರಲ್ಲಿ ಯುಜಿಸಿ ಅದರ ಮಾನ್ಯತೆಯನ್ನು 2013-14ರ ಸಾಲಿನಿಂದಲೇ ಹಿಂತೆಗೆದುಕೊಂಡಿತು. ಆಗಲೇ ಫೀಸು ಕಟ್ಟಿ ಓದುತ್ತಿದ್ದವರು ಅತಂತ್ರರಾದರು. ಮಾನ್ಯತೆ ಮರಳಿದ್ದು 2018ರಲ್ಲಿ. ವಿಶ್ವವಿದ್ಯಾಲಯ ಸರ್ಕಾರದ್ದೇ ಅಲ್ಲವೇ ಎಂಬ ನಂಬಿಕೆ ಒಂದೇ ಸಾಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಂಗಾಮಿನ ಪಂಚಾಂಗ, ಫೀಸಿನ ಪಂಚಾಂಗ

ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಇಳಿಸಿಕೊಳ್ಳಿ. ಒಂದು ಬಣ್ಣದ ಪೆನ್ನಿನಲ್ಲಿ ರೊಕ್ಕ ಬರುವ ದಿನ, ಇನ್ನೊಂದರಲ್ಲಿ ಹೋಗುವ ದಿನ ಗುರುತು ಹಾಕಿ.

ಬರುವುದು ಹೀಗೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರಿನಲ್ಲಿ ಹೆಸರು, ಉದ್ದು. ದಸರೆಯ ಆಸುಪಾಸಿಗೆ ಸೋಯಾ. ಎಳ್ಳಮಾಸೆ ಮುಗಿದ ಮೇಲೆ ತೊಗರಿ ರಾಶಿ, ಜನವರಿ-ಫೆಬ್ರವರಿಯಲ್ಲಿ ಅದು ಬೀದರಿನ ಗಾಂಧಿ ಗಂಜ್ ಮುಟ್ಟುತ್ತದೆ. ಆಮೇಲೆ ಕಡಲೆ, ಬಿಳಿಜೋಳ. ಪಿಎಂ ಕಿಸಾನ್ ಹಣ ವರ್ಷಕ್ಕೆ ಮೂರು ಸಲ 2,000ದಂತೆ. ಕಬ್ಬು ಹಚ್ಚಿದವರಿಗೆ ಕಾರ್ಖಾನೆಯ ಬಿಲ್ಲು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ಶೇ. 15ರ ಬಡ್ಡಿ. ಕಾಗದದ ಮೇಲಿನ ಈ 14 ದಿನವನ್ನು ನಂಬಿ ಪರೀಕ್ಷಾ ಶುಲ್ಕದ ತಾರೀಖು ಇಟ್ಟುಕೊಳ್ಳಬೇಡಿ ಎಂದು ಕಬ್ಬು ಬೆಳೆದವರಿಗೆ ನಾನು ಹೇಳಬೇಕಿಲ್ಲ.

ಹೋಗುವುದು ಹೀಗೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಪ್ರವೇಶ, ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಪರೀಕ್ಷಾ ಶುಲ್ಕ, ನಡುನಡುವೆ ಪಾಠಯೋಜನೆಯ ಚಾರ್ಟು, ಪ್ರಾಜೆಕ್ಟಿನ ಬೈಂಡಿಂಗು, ಝೆರಾಕ್ಸು. ಝೆರಾಕ್ಸಿನ ಖರ್ಚು ನಗುವ ಮಾತಲ್ಲ, ವರ್ಷದ ಕೊನೆಗೆ ಕೂಡಿಸಿ ನೋಡಿ.

ಎರಡು ಬಣ್ಣ ಪಕ್ಕಪಕ್ಕ ಬಂದಾಗ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಬರುವ ಜೂನ್‌ನ ಫೀಸಿಗೆ ರೊಕ್ಕ ಹುಟ್ಟುವುದು ಜನವರಿಯ ತೊಗರಿಯಲ್ಲಿ. ಸೋಯಾದ ರೊಕ್ಕಕ್ಕೆ ದಸರೆ, ದೀಪಾವಳಿ, ಹಿಂಗಾರಿ ಬಿತ್ತನೆ, ಹಳೆಯ ಉದ್ರಿ ಬಾಯಿ ತೆರೆದು ಕಾದಿರುತ್ತವೆ. ತೊಗರಿಯದ್ದು ಸ್ವಲ್ಪ ನಿರಾಳ ರೊಕ್ಕ. ಆದರೆ ತೊಗರಿ ಪಟ್ಟಿ ಕೈಗೆ ಬಂದಾಗ ಜೂನ್ ಬಹಳ ದೂರ ಕಾಣುತ್ತದೆ. ನಡುವೆ ಮದುವೆಯ ಹಂಗಾಮು, ಜಾತ್ರೆ, ಮನೆಯ ಪತ್ರಾ ಬದಲಿಸುವ ಕೆಲಸ. ಆದ್ದರಿಂದ ಅಡತಿ ಅಂಗಡಿಯಿಂದ ರೊಕ್ಕ ಖಾತೆಗೆ ಬಿದ್ದ ವಾರದಲ್ಲೇ ಮುಂದಿನ ವರ್ಷದ ಫೀಸಿನಷ್ಟನ್ನು ಐದಾರು ತಿಂಗಳ ಠೇವಣಿಯಲ್ಲಿ ಇಡಿ, ಓದುವವರ ಹೆಸರಿನಲ್ಲೇ. ಬಡ್ಡಿ ನಾಲ್ಕು ಕಾಸು ಬರುತ್ತದೆ, ಅದಕ್ಕಾಗಿ ಅಲ್ಲ. ಠೇವಣಿ ಮುರಿಸಲು ಬ್ಯಾಂಕಿಗೆ ಹೋಗಬೇಕಲ್ಲ, ಆ ಒಂದು ತೊಡಕೇ ಅದರ ಲಾಭ. ಓದುವವರು ಸೊಸೆಯಾಗಿದ್ದರೆ ಇನ್ನೂ ಒಂದು ಲಾಭವಿದೆ. ಫೀಸಿನ ಮಾತು ಪ್ರತಿ ಜೂನ್‌ನಲ್ಲಿ ಅತ್ತೆ-ಮಾವನ ಮುಂದೆ ಹೊಸದಾಗಿ ಎತ್ತಬೇಕಾಗುವುದಿಲ್ಲ.

ಗೃಹಲಕ್ಷ್ಮಿಯ 2,000 ತಿಂಗಳ ಲೆಕ್ಕದಲ್ಲಿದೆ, ಆದರೆ ಕಂತು ತಡವಾಗಿ, ಎರಡು-ಮೂರು ಒಟ್ಟಿಗೆ ಬಂದದ್ದೂ ಉಂಟು. ಅದನ್ನು ಪುಸ್ತಕಕ್ಕೆ, ಮಕ್ಕಳ ಖರ್ಚಿಗೆ ಇಟ್ಟುಕೊಳ್ಳಿ. ಗಡುವು ಇರುವ ಯಾವ ಪಾವತಿಗೂ ಅದನ್ನು ನೆಚ್ಚಬೇಡಿ.

ಪ್ರಯಾಣದ ಲೆಕ್ಕ ಗಂಡಸಿಗೆ ಬೇರೆ, ಹೆಂಗಸಿಗೆ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸಾಮಾನ್ಯ ಬಸ್ಸು ಉಚಿತ. ಔರಾದಿನಿಂದ ಬೀದರಿಗೆ ನಿತ್ಯ ಹೋಗಿಬರುವ ವಿದ್ಯಾರ್ಥಿನಿಗೆ ವರ್ಷಕ್ಕೆ ಎಷ್ಟೋ ಸಾವಿರ ಉಳಿಯುತ್ತದೆ. ಆದರೆ ನಮ್ಮದು ಗಡಿ ಸೀಮೆ. ಉದಗೀರ, ದೇಗಲೂರು, ಜಹೀರಾಬಾದ್ ಕಡೆಯ ಕಾಲೇಜು ಹಿಡಿದರೆ ಅಂತರರಾಜ್ಯ ಬಸ್ಸಿಗೆ ಪೂರ್ತಿ ಟಿಕೆಟ್ಟು. ಅಲ್ಲಿ ಫೀಸು ಐದು ಸಾವಿರ ಕಡಿಮೆ ಎಂದು ಹೋದವರು ಬಸ್ ಚಾರ್ಜಿನಲ್ಲಿ ಅದನ್ನು ಕಳೆದುಕೊಳ್ಳಬಹುದು, ಮೊದಲೇ ಗುಣಿಸಿ ನೋಡಿ. ಗಂಡಸರಿಗೆ 2025ರ ಜನವರಿಯಲ್ಲಿ ಬಸ್ ದರ ಶೇ. 15 ಏರಿದೆ. ಭಾಲ್ಕಿ, ಕಮಲನಗರದವರಿಗೆ ರೈಲಿನ ತಿಂಗಳ ಪಾಸ್ ಅಗ್ಗ, ವೇಳೆ ಹೊಂದಿದರೆ. ಔರಾದಿಗೆ ರೈಲೇ ಇಲ್ಲ.

ಕಾಗದಪತ್ರವೇ ರೊಕ್ಕ

ವಿದ್ಯಾರ್ಥಿವೇತನ ಎಂದರೆ ಹುಡುಗ-ಹುಡುಗಿಯರದ್ದು ಎಂದುಕೊಂಡು ಅರ್ಜಿಯನ್ನೇ ಹಾಕದವರು ಬಹಳ. ಪರಿಶಿಷ್ಟ ಜಾತಿಯವರ ಕೇಂದ್ರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಮಕ್ಕಳ ತಾಯಿಗೂ ಸಿಗುತ್ತದೆ. ಅದರ ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ. ಮದುವೆಯಾದ, ನೌಕರಿಯಿಲ್ಲದ ವಿದ್ಯಾರ್ಥಿನಿಗೆ ತವರಿನ ಆದಾಯವಲ್ಲ, ಗಂಡನ ಆದಾಯ ಲೆಕ್ಕಕ್ಕೆ ಬರುತ್ತದೆ. ಬಹಳ ಅರ್ಜಿಗಳು ಎಡವುವುದು ಇಲ್ಲೇ, ತಂದೆಯ ಹೆಸರಿನ ಹಳೆಯ ಆದಾಯ ಪ್ರಮಾಣಪತ್ರ ಲಗತ್ತಿಸಿಬಿಡುತ್ತಾರೆ. ಇನ್ನೊಂದು ಎಡವು: ಒಂದು ಹಂತ ಮುಗಿಸಿದವರು ಅದೇ ಹಂತದ ಮತ್ತೊಂದು ಕೋರ್ಸ್ ಸೇರಿದರೆ ಸಿಗುವುದಿಲ್ಲ. ಕನ್ನಡ ಎಂ.ಎ. ಆದವರು ಇತಿಹಾಸ ಎಂ.ಎ.ಗೆ ಇದನ್ನು ನಿರೀಕ್ಷಿಸಬಾರದು. ಅರ್ಜಿ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಹಣ ಬೀಳುವುದು ಆಧಾರ್ ಜೋಡಣೆಯಾದ ಖಾತೆಗೆ. ಮದುವೆಯ ನಂತರ ಆಧಾರ್‌ನಲ್ಲಿ ಹೆಸರು ಬದಲಾಗಿ ಅಂಕಪಟ್ಟಿಯಲ್ಲಿ ಹಳೆಯದೇ ಇದ್ದರೆ ಅರ್ಜಿ ತುಂಬುವ ಮೊದಲೇ ಸರಿಮಾಡಿಸಿಕೊಳ್ಳಿ, ಗಡುವಿನ ವಾರದಲ್ಲಿ ಆಗದು.

ಮಹಾರಾಷ್ಟ್ರ, ತೆಲಂಗಾಣದಿಂದ ಬಂದ ಸೊಸೆಯಂದಿರು ಔರಾದ್, ಭಾಲ್ಕಿಯ ಊರೂರಲ್ಲಿ ಇದ್ದಾರೆ. ಅವರಿಗೊಂದು ಮಾತು. ತವರು ರಾಜ್ಯದಲ್ಲಿ ಪಡೆದ ಪರಿಶಿಷ್ಟ ಜಾತಿ ಪ್ರಮಾಣಪತ್ರ ಮದುವೆಯಾಗಿ ಬಂದ ಮಾತ್ರಕ್ಕೆ ಕರ್ನಾಟಕದ ಮೀಸಲಾತಿಗೆ ನಡೆಯುವುದಿಲ್ಲ. ಫೀಸು ಮಾಫಿಯಾಗುತ್ತದೆ ಎಂದು ನಂಬಿ ಸೇರಿ ಆಮೇಲೆ ಪೂರ್ತಿ ಕಟ್ಟುವುದಕ್ಕಿಂತ ಮೊದಲೇ ಸಮಾಜ ಕಲ್ಯಾಣ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿ.

371ಜೆ ಪ್ರಮಾಣಪತ್ರ ನೌಕರಿಗೆ ಮಾತ್ರ ಬೇಕು ಎಂಬ ತಪ್ಪು ಕಲ್ಪನೆಯಿದೆ. ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು, ರಾಜ್ಯದ ಉಳಿದೆಡೆ ಶೇ. 8ರಷ್ಟು ಸೀಟು ಈ ಭಾಗದ ಸ್ಥಳೀಯರಿಗೆ. ಸರ್ಕಾರಿ ಕೋಟಾದ ಸೀಟಿಗೂ ಆಡಳಿತ ಮಂಡಳಿಯ ಸೀಟಿಗೂ ಇರುವ ಫೀಸಿನ ಅಂತರ ನೋಡಿದರೆ ಈ ಒಂದು ಹಾಳೆಯ ಬೆಲೆ ತಿಳಿಯುತ್ತದೆ.

ಯುವನಿಧಿ ಪಡೆಯುತ್ತಿರುವವರು ಉನ್ನತ ಓದಿಗೆ ಸೇರಿದರೆ ಆ ಭತ್ಯೆ ನಿಲ್ಲುತ್ತದೆ. ಎರಡೂ ನಡೆಯುತ್ತದೆ ಎಂದು ಬಜೆಟ್ ಹಾಕಬೇಡಿ.

ಸೇರಿದ ಮೇಲೆ ಮನೆಯ ಪರಿಸ್ಥಿತಿ ಕೆಟ್ಟು ಬಿಡಬೇಕಾಗಿ ಬಂದರೆ? ಯುಜಿಸಿಯ 2018ರ ಸೂಚನೆಯಂತೆ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮುಂಚೆ ಬಿಟ್ಟರೆ ಫೀಸು ಪೂರ್ತಿ ವಾಪಸ್, ಅದರಲ್ಲಿ ಶೇ. 5ರವರೆಗೆ, 5,000ಕ್ಕೆ ಮೀರದಂತೆ ಕಡಿತ. ಅಲ್ಲಿಂದ ಕೊನೆಯ ದಿನದೊಳಗೆ ಶೇ. 90. ಕೊನೆಯ ದಿನ ಕಳೆದು 15 ದಿನದೊಳಗೆ ಶೇ. 80, 30 ದಿನದೊಳಗೆ ಶೇ. 50. ಆಮೇಲೆ ಏನೂ ಇಲ್ಲ. ಅಂದರೆ ಬಿಡುವುದಾದರೂ ಬೇಗ ಬಿಡಬೇಕು, ಲಿಖಿತವಾಗಿ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುವ ಹಕ್ಕು ಕಾಲೇಜಿಗಿಲ್ಲ ಎಂದೂ ಅದೇ ಸೂಚನೆ ಹೇಳುತ್ತದೆ. ಪರಿಶೀಲಿಸಿ ಅಲ್ಲೇ ಮರಳಿಸಬೇಕು.

ಸಾಲ ಮಾಡುವುದಾದರೆ

ಬೆಳೆ ಸಾಲದ ರೊಕ್ಕದಲ್ಲಿ ಫೀಸು ಕಟ್ಟುವುದು ನಮ್ಮಲ್ಲಿ ನಡೆಯುವ ದೊಡ್ಡ ತಪ್ಪು. ಸಹಕಾರ ಸಂಘದ ಬೆಳೆ ಸಾಲಕ್ಕೆ ಬಡ್ಡಿಯಿಲ್ಲ, ಮಿತಿಯೂ 5 ಲಕ್ಷಕ್ಕೆ ಏರಿದೆ, ನಿಜ. ಆದರೆ ಅದು ವಾಯಿದೆಯೊಳಗೆ ಕಟ್ಟಿದವರಿಗೆ. ಆ ರೊಕ್ಕ ಓದಿಗೆ ಹೋದರೆ ಹೊಲಕ್ಕೆ ಗೊಬ್ಬರ ಕಡಿಮೆ, ರಾಶಿ ಕಡಿಮೆ, ವಾಯಿದೆ ತಪ್ಪುತ್ತದೆ, ಬಡ್ಡಿ ಬೀಳುತ್ತದೆ, ಮುಂದಿನ ಮಿರಗಕ್ಕೆ ಹೊಸ ಸಾಲ ಹುಟ್ಟುವುದಿಲ್ಲ. ಎರಡು ವರ್ಷದ ಓದು, ಎರಡು ಹಂಗಾಮು ಕೆಟ್ಟಂತೆ.

ಸಣ್ಣ ಮೊತ್ತಕ್ಕೆ, ಅಂದರೆ ಪರೀಕ್ಷಾ ಶುಲ್ಕ, ಪುಸ್ತಕದಂಥದ್ದಕ್ಕೆ, ಸ್ವಸಹಾಯ ಗುಂಪೇ ಒಳ್ಳೆಯದು. ನಬಾರ್ಡ್ 1992ರಲ್ಲಿ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿದ ನಂತರದ ವರ್ಷಗಳಲ್ಲಿ, ಗುರುಪಾದಪ್ಪ ನಾಗಮಾರಪಳ್ಳಿ ಅವರ ನೇತೃತ್ವದ ಬೀದರ್ ಡಿಸಿಸಿ ಬ್ಯಾಂಕ್ ಹಳ್ಳಿಹಳ್ಳಿಯಲ್ಲಿ ಗುಂಪು ಕಟ್ಟಿಸಿ ಹೊರಗಿನವರು ಬಂದು ನೋಡುವಂತೆ ಮಾಡಿತ್ತು. ನಿಮ್ಮ ಅತ್ತೆಯೋ ತಾಯಿಯೋ ಅಂಥ ಗುಂಪಿನಲ್ಲಿ ಇದ್ದವರೇ ಇರಬಹುದು. ಅವರು ಎಮ್ಮೆಗೆ ಸಾಲ ತೆಗೆದರು, ನೀವು ಸೆಮಿಸ್ಟರಿಗೆ ತೆಗೆಯಿರಿ, ತಪ್ಪೇನಿಲ್ಲ.

ದೊಡ್ಡ ಮೊತ್ತಕ್ಕೆ ಬ್ಯಾಂಕಿನ ಶಿಕ್ಷಣ ಸಾಲ. ವಯಸ್ಸಾಯಿತು, ಕೊಡುವುದಿಲ್ಲ ಎಂದು ಕೌಂಟರಿನಲ್ಲಿ ಹೇಳಿ ಕಳಿಸಿದರೆ ಸುಮ್ಮನೆ ಬರಬೇಡಿ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ ವಯಸ್ಸಿನ ನಿರ್ಬಂಧವಿಲ್ಲ. ಮದುವೆಯಾದವರಿಗೆ ಗಂಡ ಅಥವಾ ಹೆಂಡತಿ, ತಂದೆ-ತಾಯಿ, ಅತ್ತೆ-ಮಾವ, ಯಾರಾದರೂ ಜೊತೆಗಾರರಾಗಿ ಸಹಿ ಹಾಕಬಹುದು ಎಂದೂ ಅದರಲ್ಲಿದೆ. 4 ಲಕ್ಷದವರೆಗೆ ಕೈಯಿಂದ ಪಾಲು ಹಾಕಬೇಕಿಲ್ಲ, 7.5 ಲಕ್ಷದವರೆಗೆ ಆಸ್ತಿ ಅಡಮಾನ ಬೇಕಿಲ್ಲ. ಕೋರ್ಸ್ ಮುಗಿದು ಒಂದು ವರ್ಷದ ನಂತರ ಕಂತು ಶುರು, 15 ವರ್ಷದವರೆಗೆ ಕಾಲಾವಕಾಶ. ಓದುತ್ತಿರುವಾಗಲೇ ಬಡ್ಡಿಯಷ್ಟನ್ನಾದರೂ ಸುಗ್ಗಿ ಸುಗ್ಗಿಗೆ ಕಟ್ಟುತ್ತ ಹೋದರೆ ಆಮೇಲೆ ಹಗುರ. ನಲವತ್ತರ ವಯಸ್ಸಿನಲ್ಲಿ 15 ವರ್ಷದ ಸಾಲ ತೆಗೆದರೆ ಅದು ಮುಗಿಯುವಾಗ ನಿಮಗೆ ಐವತ್ತೈದು ದಾಟಿರುತ್ತದೆ, ಮಕ್ಕಳ ಓದಿನ, ಮದುವೆಯ ಖರ್ಚೂ ನಡುವೆಯೇ ಬಂದಿರುತ್ತದೆ. ಅವಧಿಯನ್ನು ನೀವೇ ಐದಾರು ವರ್ಷಕ್ಕೆ ಇಳಿಸಿ ಕೇಳಿ.

ಮೈಕ್ರೋಫೈನಾನ್ಸಿನವರು ಮನೆ ಬಾಗಿಲಿಗೆ ಬರುತ್ತಾರೆ, ಅದೇ ಅವರ ಆಕರ್ಷಣೆ. ಬಡ್ಡಿ 'ಬರೇ ಶೇ. 12' ಎಂದರೆ ಫ್ಲ್ಯಾಟೋ, ಇಳಿಕೆ ಬಾಕಿಯ ಮೇಲೋ ಎಂದು ಕೇಳಿ. 50,000ಕ್ಕೆ ಎರಡು ವರ್ಷ ಫ್ಲ್ಯಾಟ್ ಶೇ. 12 ಎಂದರೆ ಬಡ್ಡಿ 12,000, ತಿಂಗಳ ಕಂತು ಸುಮಾರು 2,583. ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿ ಪೂರ್ತಿ ಮೊತ್ತಕ್ಕೆ ಬೀಳುವುದರಿಂದ ನಿಜವಾದ ದರ ಶೇ. 21ರಿಂದ 22. ಸಾಹುಕಾರನ ನೂರಕ್ಕೆ ಮೂರು ಇದಕ್ಕಿಂತ ಕಡೆ: ತಿಂಗಳಿಗೆ 1,500, ವರ್ಷಕ್ಕೆ 18,000, ಅಸಲು ಅಲ್ಲೇ ಕುಳಿತಿರುತ್ತದೆ. ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತು ಬೀಳುವಂತೆ ಮೈಕ್ರೋ ಸಾಲ ಕೊಡಬಾರದೆಂದು ರಿಸರ್ವ್ ಬ್ಯಾಂಕಿನ 2022ರ ನಿಯಮವಿದೆ. ನನ್ನನ್ನು ಕೇಳಿದರೆ ಓದುವವರಿರುವ ಮನೆಗೆ ಅರ್ಧವಲ್ಲ, ಕಾಲುಭಾಗವೇ ಮಿತಿ. ಇಷ್ಟಾಗಿಯೂ ತುರ್ತು ಬಿದ್ದರೆ ಬ್ಯಾಂಕಿನಲ್ಲಿ ಬಂಗಾರ ಒತ್ತೆಯಿಡುವುದು ಮೈಕ್ರೋಫೈನಾನ್ಸು, ಸಾಹುಕಾರ ಎರಡಕ್ಕಿಂತ ಮೇಲು. ಬಿಡಿಸಿಕೊಳ್ಳುವ ತಿಂಗಳನ್ನು ಆ ಕ್ಯಾಲೆಂಡರಿನಲ್ಲಿ ಬರೆದ ಮೇಲೆಯೇ ಇಡಿ.

ಮನೆಯಲ್ಲಿ ಒಬ್ಬರೇ ಗಳಿಸುವಾಗ ಅವರ ವಿಮೆ ಮಾಡಿಸದೆ ಕೋರ್ಸ್ ಸೇರಬೇಡಿ. ಬ್ಯಾಂಕ್ ಖಾತೆಯ ಮೂಲಕ ಜೀವನಜ್ಯೋತಿಗೆ ವರ್ಷಕ್ಕೆ 436, ಸುರಕ್ಷಾ ವಿಮೆಗೆ 20, ಒಟ್ಟು 456 ರೂಪಾಯಿ. ಜೀವನಜ್ಯೋತಿಗೆ 50 ವರ್ಷದೊಳಗೆ ಸೇರಬೇಕು. ಬಿಪಿಎಲ್ ಮನೆಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಕಾರ್ಡಿಗೆ ಎಲ್ಲರ ಹೆಸರು ಸೇರಿದೆಯೇ ನೋಡಿಕೊಳ್ಳಿ.

ಮಕ್ಕಳ ಇಂಗ್ಲಿಷ್ ಶಾಲೆಯ ಫೀಸು ಮುಟ್ಟಬಾರದು, ನನ್ನ ಓದೇ ನಿಲ್ಲಲಿ ಎನ್ನುವ ತಾಯಂದಿರಿದ್ದಾರೆ. ಐದನೇ ತರಗತಿಯಲ್ಲಿರುವ ಮಗುವಿದ್ದರೆ ನವೋದಯ, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳ ಆರನೇ ತರಗತಿ ಪ್ರವೇಶ ಪರೀಕ್ಷೆ ಬರೆಸಿ. ಅಲ್ಲಿ ಊಟ, ವಸತಿ, ಓದು ಉಚಿತ. ಒಂದು ಮಗುವಿಗೆ ಸೀಟು ಸಿಕ್ಕರೂ ತಾಯಿಯ ಎರಡು ವರ್ಷದ ಫೀಸು ಅಲ್ಲೇ ಹುಟ್ಟುತ್ತದೆ.

ಈ ವರ್ಷ ಸೇರಬೇಕೆಂದಿದ್ದರೆ ಆದಾಯ, ಜಾತಿ ಮತ್ತು 371ಜೆ ಅರ್ಜಿಯ ಕಾಗದಗಳನ್ನು ಮಾರ್ಚ್‌ನಲ್ಲೇ ಹಿಡಿದುಕೊಂಡು ನಾಡಕಚೇರಿಗೆ ಹೋಗಿ. ಮೇ ಕೊನೆಯ ವಾರ ಅಲ್ಲೂ ಪಾಳಿ ಇರುತ್ತದೆ, ಬೀಜದ ಅಂಗಡಿಯ ಮುಂದಿನಷ್ಟೇ ಉದ್ದ.